ಗರಡಿಯ ಬೈಠಕ್, ಗುಲ್ಮಾರ್ಗ್‌ನ ಇಳಿಜಾರು

ಬೆಳಗಿನಿಂದ ಸಂಜೆಯವರೆಗೆ ಸ್ಕೀ ಮಾಡಬೇಕೆಂದರೆ, ಅಂದರೆ ಕಾಲಿಗೆ ಉದ್ದನೆಯ ಹಲಗೆ ಕಟ್ಟಿ ಹಿಮದ ಇಳಿಜಾರಿನಲ್ಲಿ ಜಾರಬೇಕೆಂದರೆ, ಮೊದಲು ತೊಡೆ ಗಟ್ಟಿಯಿರಬೇಕು. ಹಿಮವನ್ನು ಚಿತ್ರದಲ್ಲಿ ಮಾತ್ರ ಕಂಡ ನಮ್ಮ ಬಾಗಲಕೋಟೆ ಸೀಮೆಯವರಿಗೆ ಇದು ಸಂತೋಷದ ಸುದ್ದಿ. ನಮ್ಮದು ಕುಸ್ತಿಯ ನಾಡು. ಜಮಖಂಡಿ, ಮುಧೋಳದ ಗರಡಿಮನೆಗಳಲ್ಲಿ ಹುಡುಗರು ನಸುಕಿನಲ್ಲಿ ಎದ್ದು ಹೊಡೆಯುವ ಬೈಠಕ್ಕಿಗಿಂತ (ಕೂತು ಏಳುವ ಕಸರತ್ತು) ಒಳ್ಳೆಯ ಸ್ಕೀ ತಾಲೀಮು ನನಗಂತೂ ಬೇರೆಲ್ಲೂ ಸಿಕ್ಕಿಲ್ಲ. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ.

ಸ್ಕೀ ಮೇಲೆ ನಿಂತವನ ಮೊಣಕಾಲು ಸದಾ ಬಾಗಿರಬೇಕು, ಮೈ ತುಸು ಮುಂದಕ್ಕೆ ವಾಲಿರಬೇಕು. ತಿರುವು ತಿರುವಿಗೂ ಮೈಭಾರವೆಲ್ಲ ಒಂದೊಂದೇ ಕಾಲಿನ ಮೇಲೆ ಬಂದು ಕೂರುತ್ತದೆ. ಆಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾಗುತ್ತದೆ. ಗುಡ್ಡ ಹತ್ತಿದರೆ ಈ ಶಕ್ತಿ ಅಷ್ಟಾಗಿ ಬರುವುದಿಲ್ಲ, ಇಳಿದರೆ ಬರುತ್ತದೆ. ಹಾಗಾಗಿ ನಾನು ಬೈಠಕ್ಕನ್ನು ಸ್ವಲ್ಪ ಬದಲಿಸಿಕೊಂಡೆ: ಕೆಳಗಿಳಿಯುವಾಗ ನಿಧಾನವಾಗಿ ನಾಲ್ಕು ಎಣಿಸುವುದು, ತಳದಲ್ಲಿ ಕ್ಷಣಕಾಲ ತಡೆಯುವುದು, ಒಂದೇ ಏಟಿಗೆ ಏಳುವುದು. ಭಾನುವಾರಗಳಂದು ಬಾದಾಮಿಗೆ ಹೋಗಿ ಬಾವನಬಂಡೆ ಕೋಟೆಯ ಎತ್ತರದ ಕಲ್ಲು ಮೆಟ್ಟಿಲುಗಳನ್ನು ಕೈ ಆಸರೆಯಿಲ್ಲದೆ ಇಳಿಯುತ್ತಿದ್ದೆ. ಹತ್ತುವುದು ಇಳಿಯುವುದಕ್ಕಾಗಿ ಮಾತ್ರ. ಎರಡು ತಿಂಗಳು ಹೀಗೆ ಮಾಡಿದರೆ ಕಾಲು ಮಾತು ಕೇಳುತ್ತದೆ.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಶ್ಮೀರದ ಗುಲ್ಮಾರ್ಗ್‌ಗೆ ಶ್ರೀನಗರದಿಂದ ತಂಗ್‌ಮಾರ್ಗ್ ಊರು ದಾಟಿ ಮೇಲೆ ಹೋಗಬೇಕು. ಹಿಮ ಬಿದ್ದ ದಿನಗಳಲ್ಲಿ ತಂಗ್‌ಮಾರ್ಗ್‌ನಿಂದಾಚೆಗೆ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನವೇ ಬೇಕು. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಾಲು ಭಾಗದಷ್ಟು ಕಡಿಮೆ. ಆದ್ದರಿಂದ ಹೋದ ದಿನವೇ ಸ್ಕೀ ಕಟ್ಟಬೇಡಿ. ನೀರು ಕುಡಿಯಿರಿ, ಸುತ್ತಾಡಿ, ಮಲಗಿ.

ದಿನ ಹೇಗಿರುತ್ತದೆ ಎಂಬುದನ್ನು ಬೂಟು ನಿರ್ಧರಿಸುತ್ತದೆ. ಬಾಡಿಗೆ ಅಂಗಡಿಯಲ್ಲಿ ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ, ಸರಿಯಾದ ಜೋಡಿ ಸಿಗುವವರೆಗೆ ಬಿಡಬೇಡಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಬೂಟಿನ ಮುಂದಿನ ಗೋಡೆಗೆ ತಾಗಬೇಕು, ಮೊಣಕಾಲು ಬಗ್ಗಿಸಿದೊಡನೆ ಹಿಂದೆ ಸರಿಯಬೇಕು. ಹಿಮ್ಮಡಿ ಮಾತ್ರ ಮೇಲೇಳಲೇಬಾರದು. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಿದರೆ ರಕ್ತ ಓಡಾಟ ನಿಂತು ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಉಣ್ಣೆಯ ತೆಳುವಾದ, ಮೊಣಕಾಲಿನವರೆಗೆ ಬರುವ ಒಂದೇ ಜೊತೆ ಸಾಕು. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ನಮ್ಮ ಬಿಸಿಲಿಗೆ ಹತ್ತಿ ಚೆನ್ನ, ಆದರೆ ಅಲ್ಲಿ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈಯ ಕಾವನ್ನೆಲ್ಲ ಕದಿಯುತ್ತದೆ.

ಇನ್ನೊಂದು ಸಂಗತಿ ಬೈಂಡಿಂಗ್. ಬೂಟನ್ನು ಸ್ಕೀಗೆ ಹಿಡಿದಿಡುವ, ಬಿದ್ದಾಗ ಕಳಚಿಕೊಂಡು ಮೊಣಕಾಲನ್ನು ಉಳಿಸುವ ಸಾಧನ ಇದೇ. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ನಿಮ್ಮ ಪಳಗಿಕೆ ಇವನ್ನು ನೋಡಿ ಅದರ ಬಿಗಿಯನ್ನು ಹೊಂದಿಸುತ್ತಾರೆ. ಅಂಗಡಿಯವರು ತೂಕ ಕೇಳದೆ ಸ್ಕೀ ಕೊಟ್ಟರೆ ನೀವೇ ಹೇಳಿ, ಹೊಂದಿಸಿಕೊಂಡೇ ಹೊರಡಿ. ಕಟ್ಟುವ ಮುನ್ನ ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೋಲಿನಿಂದ ಬಡಿದು ತೆಗೆಯಬೇಕು. ಹಿಮ ಉಳಿದರೆ ಬೈಂಡಿಂಗ್ ಪೂರ್ತಿ ಕಚ್ಚುವುದಿಲ್ಲ.

ಬೆಳಗಿನ ಹಿಮ ರಾತ್ರಿ ಹೆಪ್ಪುಗಟ್ಟಿ ಗಟ್ಟಿಯಾಗಿರುತ್ತದೆ, ಸ್ಕೀ ಜಾರುವ ವೇಗವೂ ಹೆಚ್ಚು. ಆದ್ದರಿಂದ ಮೊದಲ ಒಂದು ಗಂಟೆಯನ್ನು ಕೆಳಗಿನ ಸೌಮ್ಯ ಇಳಿಜಾರುಗಳಲ್ಲಿ ಕಳೆಯುತ್ತೇನೆ. ಅಲ್ಲಿರುವುದು ನಿಂತವರನ್ನು ಎಳೆದುಕೊಂಡು ಹೋಗುವ ಲಿಫ್ಟ್. ಕೂರಲು ಹೋದರೆ ನೆಲ ಸೇರುತ್ತೀರಿ. ಕಾಲನ್ನು ಸಡಿಲವಾಗಿ ಬಿಟ್ಟು ಅದು ಎಳೆದತ್ತ ಸಾಗಬೇಕು.

ಈಗ ತಿರುವಿನ ಮಾತು. ಎಡಕ್ಕೆ ತಿರುಗಬೇಕಾದರೆ ಬಲಗಾಲಿನ ಮೇಲೆ ಭಾರ ಹಾಕಬೇಕು, ಬಲಕ್ಕೆ ಎಡಗಾಲು. ಸ್ಕೀಯ ಅಂಚು ನಡುವಿನಲ್ಲಿ ಕಿರಿದಾಗಿ ಬಾಗಿರುವುದರಿಂದ, ಅಂಚಿನ ಮೇಲೆ ಒತ್ತಿದರೆ ಸ್ಕೀ ತಾನಾಗಿಯೇ ಕಮಾನಿನಂತೆ ಸುತ್ತುತ್ತದೆ. ಕಣಕಾಲಿನ ಮೂಳೆ ಬೂಟಿನ ನಾಲಿಗೆಯನ್ನು ಒತ್ತುತ್ತಿದೆಯೇ ಎಂಬುದೊಂದನ್ನೇ ನಾನು ಗಮನಿಸುತ್ತೇನೆ. ಒತ್ತುತ್ತಿದ್ದರೆ ನಾನು ಮುಂದಿದ್ದೇನೆ. ಹೆದರಿಕೆಯಾದಾಗ ಮೈ ತಾನಾಗಿಯೇ ಹಿಂದಕ್ಕೆ ವಾಲುತ್ತದೆ, ಸ್ಕೀಯ ಮೂತಿ ಹಗುರಾಗುತ್ತದೆ, ಹಿಡಿತ ತಪ್ಪಿ ವೇಗ ಏರುತ್ತದೆ. ಕುಸ್ತಿಯ ಭಾಷೆಯಲ್ಲಿ ಹೇಳುವುದಾದರೆ ಇಳಿಜಾರಿಗೆ ಎದೆ ಕೊಡಬೇಕು. ಕಡಿದು ಕಂಡಷ್ಟೂ ಮುಂದೆ ಬಾಗಬೇಕು. ಇದನ್ನು ಮನಸ್ಸು ಒಪ್ಪಿದ ದಿನ ಸ್ಕೀಯಿಂಗ್ ಬೇರೆಯೇ ಆಗಿಬಿಡುತ್ತದೆ, ಆ ಸುಖಕ್ಕಾಗಿಯೇ ನಾನು ಇಷ್ಟು ದೂರ ಹೋಗುವುದು.

ಕಾಲು ಬಿಸಿಯಾದ ಮೇಲೆ ಗೊಂಡೋಲಾ (ತಂತಿಯ ಮೇಲೆ ಸಾಗುವ ಕೇಬಲ್ ಕಾರು) ಹಿಡಿದು ಕೊಂಗ್‌ಡೂರಿಗೆ ಏರುತ್ತೇನೆ. ಅದು 3,000 ಮೀಟರಿಗಿಂತ ಮೇಲಿದೆ. ಗೊಂಡೋಲಾದ ಈ ಮೊದಲ ಹಂತ 1998ರಲ್ಲಿ ಶುರುವಾಯಿತು. 2005ರಲ್ಲಿ ಬಂದ ಎರಡನೆಯ ಹಂತ ಅಫರ್ವಾತ್ ಶಿಖರದ ಪಕ್ಕಕ್ಕೆ, ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ಮೇಲಿನ ಆ ಇಳಿಜಾರುಗಳಲ್ಲಿ ಹಿಮವನ್ನು ಯಂತ್ರದಿಂದ ಹದ ಮಾಡಿರುವುದಿಲ್ಲ, ಹಿಮಕುಸಿತದ ಭಯವೂ ನಿಜವಾದದ್ದು. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಮಾರ್ಗದರ್ಶಕ, ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ಟ್ರಾನ್ಸೀವರ್, ಸಲಿಕೆ, ಅವನ್ನು ಬಳಸುವ ತರಬೇತಿ ಇವೆಲ್ಲ ಇಲ್ಲದವರು ಅತ್ತ ಹೋಗಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೊಂಗ್‌ಡೂರಿಯ ಚೇರ್‌ಲಿಫ್ಟ್ ಮತ್ತು ಅದರ ಕೆಳಗಿನ ಹಾದಿಗಳು ನನ್ನಂಥವರಿಗೆ ದಿನಕ್ಕೆ ಸಾಲುತ್ತವೆ.

ಮಧ್ಯಾಹ್ನ ಹೊಟ್ಟೆ ಬಿರಿಯುವಂತೆ ಉಂಡರೆ ಕಾಲು ಏಳುವುದಿಲ್ಲ. ನಾನು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುತ್ತೇನೆ. ಅಮೀನಗಡದ ಕರದಂಟು ಇದಕ್ಕೆ ಹೇಳಿ ಮಾಡಿಸಿದ್ದು: ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿ, ಎಲ್ಲವೂ ಶಕ್ತಿಯೇ. ಆದರೆ ಹೊರಗಿನ ಜೇಬಿನಲ್ಲಿಟ್ಟರೆ ಚಳಿಗೆ ಕಲ್ಲಾಗುತ್ತದೆ. ಬೆಳಗ್ಗೆಯೇ ಸಣ್ಣ ತುಂಡು ಮಾಡಿ ಅಂಗಿಯ ಒಳಜೇಬಿನಲ್ಲಿಟ್ಟರೆ ಮೈ ಕಾವಿಗೆ ಮೆತ್ತಗಿದ್ದು ಬೆಲ್ಲದ ಘಮದೊಂದಿಗೆ ಬಾಯಿಗೆ ಬರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯಂತೂ ಚಳಿಗೆ ಜಗ್ಗುವುದೇ ಇಲ್ಲ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಬೇಕು. ಮುಖಕ್ಕೆ, ಮೂಗಿನ ಅಡಿಗೂ, ಸನ್‌ಸ್ಕ್ರೀನ್ ಹಚ್ಚಬೇಕು. ತಾಜಾ ಹಿಮ ನೇರಳಾತೀತ ಕಿರಣಗಳ ಶೇಕಡಾ 80ರಷ್ಟನ್ನು ಹಿಂದಿರುಗಿಸುತ್ತದೆ, ಸುಡುವುದು ಕೆಳಗಿನಿಂದ.

ಮಧ್ಯಾಹ್ನ ಎರಡು ಗಂಟೆಯ ನಂತರ ಬಿಸಿಲು ಬಿದ್ದ ಕಡೆ ಹಿಮ ಭಾರವಾಗುತ್ತದೆ. ಮಳೆ ಕುಡಿದ ಎರೆ ಹೊಲದಲ್ಲಿ ನಡೆದಂತೆ ಹೆಜ್ಜೆ ಹೆಜ್ಜೆಗೂ ಕಾಲು ಹಿಡಿಯುತ್ತದೆ. ನೆರಳಿನ ಕಡೆ ಅದೇ ಹಿಮ ಮತ್ತೆ ಗಾಜಾಗುತ್ತಿರುತ್ತದೆ. ಬೆಳಕು ಚಪ್ಪಟೆಯಾಗಿ ಉಬ್ಬುತಗ್ಗು ಕಾಣುವುದಿಲ್ಲ. ತೊಡೆಯೂ ದಣಿಯುವ ಹೊತ್ತು ಇದೇ. ನನ್ನ ಲೆಕ್ಕ ಸರಳ: ಇಳಿಯುವ ನಡುವೆ ನಿಲ್ಲಬೇಕೆನಿಸಿದರೆ, ಅಥವಾ ಬೇಡವೆಂದರೂ ಮೈ ಹಿಂದಕ್ಕೆ ವಾಲತೊಡಗಿದರೆ, ಮುಂದಿನ ಇಳಿತವೇ ಆ ದಿನದ ಕೊನೆಯದು. ಕೊಂಗ್‌ಡೂರಿಯಿಂದ ಮರಗಳ ನಡುವೆ ಗುಲ್ಮಾರ್ಗ್‌ವರೆಗೆ ಇಳಿಯುವ ಹಾದಿಗೆ ಕಾಲಿನಲ್ಲಿ ಕಸುವು ಉಳಿದಿರಬೇಕು. ಉಳಿದಿಲ್ಲವೆನಿಸಿದರೆ ಗೊಂಡೋಲಾದಲ್ಲೇ ಇಳಿದುಬಿಡುತ್ತೇನೆ. ಹಾದಿಯಲ್ಲಿ ನಿಮ್ಮ ಕೆಳಗಿರುವವರಿಗೆ ಮೊದಲ ಹಕ್ಕು. ಅವರಿಗೆ ನೀವು ಕಾಣುವುದಿಲ್ಲ, ತಪ್ಪಿಸಿ ಹೋಗುವ ಹೊಣೆ ಮೇಲಿನಿಂದ ಬರುವ ನಿಮ್ಮದು.

ಕೋಣೆಗೆ ಬಂದ ಮೇಲೆ ಬೂಟಿನ ಒಳಪದರವನ್ನು ಸಡಿಲಿಸಿ, ಬುಖಾರಿ ಒಲೆಗೆ ತೀರಾ ಹತ್ತಿರವಲ್ಲದ ಕಡೆ ಒಣಗಲು ಇಡಬೇಕು. ಅಂದು ರಾತ್ರಿ ಬೈಠಕ್ ಬೇಡ, ಹತ್ತು ನಿಮಿಷ ಸುಮ್ಮನೆ ನಡೆದಾಡಿ ಮಲಗಿದರೆ ಮರುದಿನ ಮೆಟ್ಟಿಲು ಇಳಿಯಲು ಅಷ್ಟು ತ್ರಾಸಾಗುವುದಿಲ್ಲ. ಇದನ್ನೆಲ್ಲ ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಗುಲ್ಮಾರ್ಗ್‌ನಲ್ಲಿಯೇ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಚಳಿಗಾಲದಲ್ಲಿ ಹೊಸಬರಿಗೂ ತರಬೇತಿ ನಡೆಸುತ್ತದೆ. ನಮ್ಮ ಗರಡಿಗಳ ಹುಡುಗರು, ಹುಡುಗಿಯರು ಅಲ್ಲಿಗೆ ಅರ್ಜಿ ಹಾಕಬೇಕೆಂಬುದು ನನ್ನ ಬಹಳ ದಿನದ ಆಸೆ. ಹೋಗುವವರಿದ್ದರೆ ಬೈಠಕ್ಕನ್ನು ದೀಪಾವಳಿಯಿಂದಲೇ ಶುರು ಮಾಡಿ.