ಬಾದಲ್ ಹೊಟ್ಟೆಯ ಕಲ್ಲು

ಮೈಸೂರು ಅರಮನೆ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಟಾಂಗಾ ಕುದುರೆ ಅದು. ಹೆಸರು ಬಾದಲ್, ಬೀಜ ತೆಗೆದ ಗಂಡು. ಓಡಿ ಬಂದ ಮೇಲೆ ಉಚ್ಚೆಯಲ್ಲಿ ರಕ್ತ. ಬೆಳಿಗ್ಗೆ ಲಾಯದಲ್ಲಿ ನಿಂತಾಗ ಏನೂ ಇಲ್ಲ. ಇಷ್ಟು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಸೋಂಕು ಅಂದುಕೊಂಡು ಹತ್ತು ದಿನ ಸುಮ್ನೆ ಇಂಜೆಕ್ಷನ್ ಕೊಟ್ಟೆ. ನನಗೆ ಹೇಳದೆ ಯಜಮಾನರು ಬಾಳೆದಿಂಡಿನ ರಸ ಬೇರೆ ಕುಡಿಸುತ್ತಿದ್ದರು.

ಹನ್ನೊಂದನೇ ದಿನ ಗ್ಲೌಸ್ ಹಾಕಿ ಗುದದೊಳಗೆ ಕೈ ಇಟ್ಟೆ. ಮಣಿಕಟ್ಟು ಒಳಗೆ ಹೋಗುವಷ್ಟರಲ್ಲೇ ಕೆಳಗಡೆ ಗಟ್ಟಿಯಾಗಿ ಸಿಕ್ಕಿತು. ಮೂತ್ರಕೋಶದಲ್ಲಿ ಕಲ್ಲು, ಮೂಸಂಬಿಯಷ್ಟು. ಎರಡು ನಿಮಿಷದ ಕೆಲಸ, ಮೊದಲ ದಿನವೇ ಮಾಡಬಹುದಿತ್ತು.

ಕುದುರೆ ಉಚ್ಚೆಯಲ್ಲಿ ಸುಣ್ಣದಂಶ ಜಾಸ್ತಿ, ಕದಡಿದ ಹಾಗಿರುವುದೇ ಸಹಜ. ಆ ಸುಣ್ಣವೇ ಗಟ್ಟಿಯಾಗಿ ಕಲ್ಲಾಗುತ್ತದೆ. ಹೆಣ್ಣಿನ ಮೂತ್ರನಾಳ ಗಿಡ್ಡ, ಅಗಲ. ಎಷ್ಟೋ ಸಲ ಕೈ ಹಾಕಿಯೇ ಕಲ್ಲು ತೆಗೆಯಬಹುದು. ಗಂಡಿನದು ಉದ್ದ, ಕಿರಿದು. ಹೊಟ್ಟೆ ಕೊಯ್ದು ತೆಗೆದರೆ ಕಲ್ಲು ಇಡಿಯಾಗಿ ಬರುತ್ತದೆ, ನಿಜ. ಆದರೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕು. ಎಚ್ಚರವಾಗಿ ಏಳುವಾಗ ಕುದುರೆ ಕಾಲು ಮುರಿದುಕೊಳ್ಳುವುದೂ ಉಂಟು. ಹಾಗಾಗಿ ಕುದುರೆ ನಿಂತಿರುವಾಗಲೇ, ಗುದದ ಕೆಳಗೆ ಮೂತ್ರನಾಳ ಕೊಯ್ದು ಕಲ್ಲು ತೆಗೆಯೋಣ ಅಂತ ತೀರ್ಮಾನಿಸಿದೆ.

ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿ ನೋಡಿದೆ, ಕಿಡ್ನಿ ಸರಿಯಿತ್ತು. ಧನುರ್ವಾಯು ಇಂಜೆಕ್ಷನ್ ಕೊಟ್ಟು, ಟ್ರೆವಿಸ್‌ನಲ್ಲಿ, ಅಂದರೆ ಪ್ರಾಣಿ ಅಲುಗಾಡದಂತೆ ಕಟ್ಟುವ ಚೌಕಟ್ಟಿನಲ್ಲಿ ನಿಲ್ಲಿಸಿ, ಮಂಪರು ಬರಿಸಿ, ಬಾಲದ ಬುಡದಲ್ಲಿ ಹಿಂಭಾಗ ಮರಗಟ್ಟಿಸುವ ಎಪಿಡ್ಯೂರಲ್ ಇಂಜೆಕ್ಷನ್ ಹಾಕಿದೆ. ಸ್ವಲ್ಪ ಹೊತ್ತಿಗೆ ಬಾಲ ಒದ್ದೆ ಹಗ್ಗದ ಹಾಗೆ ಜೋತುಬಿತ್ತು. ಅದನ್ನು ಪಕ್ಕಕ್ಕೆ ಕಟ್ಟಿ, ಮೂತ್ರನಾಳದೊಳಗೆ ಕ್ಯಾತಿಟರ್ ಅನ್ನೋ ಸಣ್ಣ ಕೊಳವೆ ತೂರಿಸಿದೆ. ಗುದದ ಕೆಳಗೆ ಸರಿ ನಡುಮಧ್ಯ ಏಳು ಸೆಂಟಿಮೀಟರ್ ಉದ್ದ ಕೊಯ್ದೆ. ಪಕ್ಕಕ್ಕೆ ಸರಿದರೆ ರಕ್ತ ಜಾಸ್ತಿ. ಆಳದಲ್ಲಿ ಕ್ಯಾತಿಟರ್ ಬೆರಳಿಗೆ ಸಿಕ್ಕಿತು, ಅಲ್ಲಿ ನಾಳ ತೆರೆದೆ.

ಆಮೇಲೆ ಶುರುವಾಯಿತು ನಿಜವಾದ ಕಷ್ಟ. ಸಹಾಯಕ ಗುದದೊಳಗಿನಿಂದ ಕಲ್ಲನ್ನು ಒತ್ತಿ ಹಿಡಿದ. ನಾನು ಇಕ್ಕಳ ಹಾಕಿದೆ, ಜಾರಿತು. ಮತ್ತೆ ಹಾಕಿದೆ, ಮತ್ತೆ ಜಾರಿತು. ನಾಲ್ಕನೇ ಸಲಕ್ಕೆ ಕರಕ್ ಅಂತ ಒಡೆಯಿತು. ಹಳದಿ ಚೂರುಗಳು, ಮೈಯೆಲ್ಲಾ ನೆಗ್ಗಿಲಮುಳ್ಳಿನ ಹಾಗೆ. ಓಡುವಾಗ ಇದು ಒಳಗೆ ಉಜ್ಜಿದರೆ ರಕ್ತ ಬರದೇ ಇರುತ್ತಾ? ಮರಳು ಬರುವುದು ನಿಲ್ಲುವ ತನಕ ಸಲೈನ್ ಹಾಕಿ ತೊಳೆದೆ. ಒಂದು ಚೂರು ಉಳಿದರೂ ಅದರ ಸುತ್ತ ಇನ್ನೊಂದು ಕಲ್ಲು ಬೆಳೆಯುತ್ತದೆ.

ಗಾಯಕ್ಕೆ ಹೊಲಿಗೆ ಹಾಕಲಿಲ್ಲ. ತಾನೇ ಕೂಡಿಕೊಳ್ಳಲು ಬಿಡುವುದೇ ಪದ್ಧತಿ. ಮಾರನೇ ದಿನ ಬಾಲದ ಕೆಳಗಿನಿಂದ ಉಚ್ಚೆ ಸುರಿಯುವುದು ನೋಡಿ ಯಜಮಾನರು ಹೆದರಿ ಫೋನ್ ಮಾಡಿದರು. ಮುಂಚೆಯೇ ಹೇಳಿರಲಿಲ್ಲ, ಅದೂ ನನ್ನದೇ ತಪ್ಪು. ತೊಡೆ ಬೇಯದ ಹಾಗೆ ದಿನಾ ತೊಳೆದು ವ್ಯಾಸಲೀನ್ ಹಚ್ಚಿ ಅಂದೆ. ಮೂರು ವಾರಕ್ಕೆ ಗಾಯ ಮುಚ್ಚಿತು, ಉಚ್ಚೆ ಹಳೇ ದಾರಿ ಹಿಡಿಯಿತು.

ಉಪ್ಪು ಹಾಕಿ, ನೀರು ಜಾಸ್ತಿ ಕುಡಿಯುತ್ತೆ, ಕುದುರೆ ಮಸಾಲೆ ಸೊಪ್ಪು ನಿಲ್ಲಿಸಿ, ಅದರಲ್ಲಿ ಸುಣ್ಣದಂಶ ಹೆಚ್ಚು ಅಂದೆ. ಯಜಮಾನರು ನನ್ನನ್ನೇ ನೋಡಿದರು. 'ಹೆಸರೇ ಕುದುರೆ ಮಸಾಲೆ. ಕುದುರೆಗೇ ಬೇಡ ಅಂದ್ರೆ ಇನ್ಯಾರಿಗೆ ಹಾಕ್ಲಿ ಸಾರ್?'