ಹತ್ತು ಲೈನ್ ಬೇಕು ಅಂದಿದ್ದೆ, ಆರಕ್ಕೇ ಮುಗಿಯಿತು

ಮುಂಬೈಯ ಉಡುಪಿ ಹೋಟೆಲುಗಳಲ್ಲಿ ರಾತ್ರಿ ಶಟರ್ ಎಳೆದು, ಗಲ್ಲಾ ಎಣಿಸಿ ಮುಗಿದ ಮೇಲೆ ಒಂದು ಕೆಲಸ ಬಾಕಿ ಇರುತ್ತಿತ್ತು. ನಾಳೆಯ ಸಾಮಾನಿಗೆ ಫೋನ್ ಮಾಡುವುದು. ಇಡ್ಲಿ ಅಕ್ಕಿ ಎರಡು ಮೂಟೆ, ಉದ್ದಿನಬೇಳೆ ಒಂದು, ಬ್ಯಾಡಗಿ ಮೆಣಸು ಐದು ಕಿಲೋ, ತೆಂಗಿನಕಾಯಿ ಐವತ್ತು. ವಾಟ್ಸಾಪ್ ಇಲ್ಲದ ಕಾಲ, 2007ರ ಮಾತು ಇದು. ನಾನು ಇಪಿಎಬಿಎಕ್ಸ್, ಅಂದರೆ ಆಫೀಸಿನ ಒಳಗಿನ ಫೋನುಗಳನ್ನು ಹೊರಗಿನ ಲೈನಿಗೆ ಜೋಡಿಸುವ ಮೆಷಿನ್, ಹಾಕುವ, ರಿಪೇರಿ ಮಾಡುವ ಕೆಲಸದಲ್ಲಿದ್ದೆ. ವಾಶಿಯ ಎಪಿಎಂಸಿ ಹತ್ತಿರ ಕುಂದಾಪುರದ ಒಬ್ಬ ವ್ಯಾಪಾರಿ ಇದ್ದರು. ಮಾಟುಂಗಾದಿಂದ ಡೊಂಬಿವಿಲಿವರೆಗಿನ ಹೋಟೆಲುಗಳಿಗೆ ಅವರದೇ ಸಾಮಾನು. ರಾತ್ರಿ ಫೋನ್ ಎತ್ತಲು ಜನ ಇಡುವ ಬದಲು, ಮೆಷಿನ್ನೇ ಎತ್ತಿ ಮಾತು ರೆಕಾರ್ಡ್ ಮಾಡಿಕೊಳ್ಳುವ ವಾಯ್ಸ್‌ಮೇಲ್ ಹಾಕಿಸಿದ್ದರು. ಹೊರಗಿನ ಲೈನ್ 4, ವಾಯ್ಸ್‌ಮೇಲ್ ಪೋರ್ಟ್ 4, ಅಂದರೆ ಒಟ್ಟಿಗೆ ನಾಲ್ಕು ಕಾಲ್ ಎತ್ತಬಲ್ಲದು. ನಸುಕಿನಲ್ಲಿ ಹುಡುಗರು ಮೆಸೇಜ್ ಕೇಳಿ ಬರೆದುಕೊಂಡು ಟೆಂಪೋ ತುಂಬುತ್ತಿದ್ದರು.

ಒಂದು ದಿನ ಫೋನ್ ಬಂತು. "ಎಂತ ಮಾರಾಯ್ರೇ, ಲೈನೇ ಸಿಗುದಿಲ್ಲ ಅಂತ ಗಿರಾಕಿಗಳು ಬೈತಾ ಇದ್ದಾರೆ. ಬೆಳಿಗ್ಗೆ ಐದಕ್ಕೆ ನನ್ನ ಮೊಬೈಲಿಗೇ ಮಾಡ್ತಾರೆ. ಇನ್ನು ನಾಲ್ಕು ಲೈನ್ ಹಾಕಿ ಬಿಡಿ."

ಹಾಕಿಬಿಡಬಹುದಿತ್ತು, ನನಗೂ ನಾಲ್ಕು ಕಾಸು. ಆದರೆ ನಾಲ್ಕೇ ಯಾಕೆ, ಆರು ಯಾಕಲ್ಲ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ವಾರದ ಕಾಲ್ ರೆಕಾರ್ಡ್ ಪ್ರಿಂಟ್ ತೆಗೆದೆ. ಜಾಸ್ತಿ ಗಲಾಟೆ ಇರುವುದು 10.30ರಿಂದ 11.30ರವರೆಗೆ. ಆ ಒಂದು ಗಂಟೆಯಲ್ಲಿ ಸುಮಾರು 83 ಕಾಲ್, ಒಂದೊಂದಕ್ಕೆ 2 ನಿಮಿಷ. ಒಟ್ಟು 166 ನಿಮಿಷ.

ನಮ್ಮ ಕಸುಬಿನಲ್ಲಿ ಇದಕ್ಕೊಂದು ಅಳತೆ ಇದೆ, ಎರ್ಲಾಂಗ್ ಅಂತ. ಒಂದು ಲೈನ್ ಗಂಟೆ ಪೂರ್ತಿ ತುಂಬಿದ್ದರೆ ಅದು ಒಂದು ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞನ ಹೆಸರು ಅದು. ಇಷ್ಟು ಲೈನಿಗೆ ಇಷ್ಟು ಕಾಲ್ ಬಂದರೆ ಎಷ್ಟು ಜನಕ್ಕೆ ಬ್ಯುಸಿ ಸಿಗುತ್ತದೆ ಅನ್ನುವ ಸೂತ್ರವನ್ನು ಅವನು 1917ರಲ್ಲೇ ಕೊಟ್ಟಿದ್ದ. 166 ನಿಮಿಷ ಅಂದರೆ 2.8 ಎರ್ಲಾಂಗ್ ಹತ್ತಿರ. ಆ ಸೂತ್ರದ ಲೆಕ್ಕದ ಟೇಬಲ್ ನೋಡಿದೆ. ನೂರರಲ್ಲಿ ಒಬ್ಬರಿಗೆ ಮಾತ್ರ ಬ್ಯುಸಿ ಸಿಗಬೇಕಾದರೆ 8 ಲೈನ್ ಬೇಕು. ಧಣಿ ಹೇಳಿದ ಲೆಕ್ಕವೇ ಸರಿ ಬಂತಲ್ಲ ಅಂತ ಖುಷಿಯಾಯಿತು.

ಆಮೇಲೆ ತಲೆಗೆ ಹೊಳೆಯಿತು. ರೆಕಾರ್ಡಿನಲ್ಲಿ ಇರುವುದು ಲೈನ್ ಸಿಕ್ಕವರು. ಬೈತಾ ಇದ್ದವರು ಅದರಲ್ಲಿ ಇಲ್ಲವೇ ಇಲ್ಲ! ಬ್ಯುಸಿ ಕೇಳಿಸಿಕೊಂಡವರ ಕಾಲ್ ನಮ್ಮ ಮೆಷಿನ್ನಿಗೆ ಬಂದೇ ಇರುವುದಿಲ್ಲ. ಹಾಗಾಗಿ ಆರ್ಡರ್ ಪುಸ್ತಕ ಹಿಡಿದು ಕೂತೆ. ದಿನಾ ಸಾಮಾನು ತಗೊಳ್ಳುವ ಹೋಟೆಲ್ 100 ಚಿಲ್ಲರೆ. "ಅಯ್ಯೋ, ಸಾಬೂದಾನಿ ಮರೆತೆ" ಅಂತ ಎರಡನೇ ಸಲ ಮಾಡುವವರು 15-20. ಸಂಕಷ್ಟಿಯ ಹಿಂದಿನ ರಾತ್ರಿ ಇವರು ಇನ್ನೂ ಜಾಸ್ತಿ. ಆ ಒಂದು ಗಂಟೆಗೆ 120 ಕಾಲ್ ಅಂತ ಹಿಡಿದೆ. 2 ನಿಮಿಷದಂತೆ 240 ನಿಮಿಷ, ಅಂದರೆ 4 ಎರ್ಲಾಂಗ್. 4 ಲೈನಿಗೆ 4 ಎರ್ಲಾಂಗ್ ಬಂದು ಬಿದ್ದರೆ ನೂರರಲ್ಲಿ 31 ಕಾಲಿಗೆ ಬ್ಯುಸಿ. ಅವರು ಬೈದದ್ದರಲ್ಲಿ ತಪ್ಪೇನಿಲ್ಲ. ಸರಿಪಡಿಸಲು 8 ಅಲ್ಲ, 10 ಲೈನ್ ಬೇಕು.

ಒಬ್ಬ ಸೇಲ್ಸ್‌ನವನು ಅಷ್ಟರಲ್ಲಿ ಪಿಆರ್‌ಐ ಹಾಕಿಸಿ ಅಂತ ಧಣಿಯ ಕಿವಿ ಕಚ್ಚಿದ್ದ. ಅದರಲ್ಲಿ ಒಂದೇ ತಂತಿಯಲ್ಲಿ 30 ಚಾನೆಲ್, ಅಂದರೆ ಒಟ್ಟಿಗೆ 30 ಕಾಲ್. ಒಳ್ಳೆಯದೇ, ಆದರೆ ಇವರಿಗೆ ಇಲಿ ಹಿಡಿಯಲು ಬೆಟ್ಟ ಅಗೆದ ಹಾಗೆ.

ಹತ್ತು ಅಂತ ಚೀಟಿ ಬರೆದುಕೊಟ್ಟೂ ಆಯಿತು. ಮರುದಿನ ನಸುಕಿನಲ್ಲಿ ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದಾಗ ಹುಡುಗರ ಪಕ್ಕ ಕೂತು ಸುಮ್ನೆ ಮೆಸೇಜ್ ಕೇಳಿದೆ. ಒಬ್ಬರು ಚೆಂಬೂರಿನಿಂದ: "ಮೂರು ಟಿನ್ ಎಣ್ಣೆ, ಹತ್ತು ಕಿಲೋ ರವೆ. ಇಡ್ತೇನೆ." ಆಮೇಲೆ ಟೂಂ... ಟೂಂ... ಟೂಂ... ನಿಲ್ಲುವುದೇ ಇಲ್ಲ. ಹುಡುಗ ಅಭ್ಯಾಸಬಲದಿಂದ ಮುಂದಿನ ಮೆಸೇಜಿಗೆ ಹಾರಿದ. ಅದರ ಬಾಲದಲ್ಲೂ ಟೂಂ... ಟೂಂ...

ಗಿರಾಕಿ ಫೋನ್ ಇಟ್ಟು ಮಲಗಲು ಹೋದರೂ ನಮ್ಮ ಮೆಷಿನ್ ಬ್ಯುಸಿ ಟೋನನ್ನೇ ರೆಕಾರ್ಡ್ ಮಾಡುತ್ತಾ ಲೈನ್ ಹಿಡಿದುಕೊಂಡು ಕೂತಿತ್ತು. ಆ ಟೋನ್ ಗುರುತು ಹಿಡಿದರೆ ತಾನೇ ಅದು ಲೈನ್ ಬಿಡುವುದು. ಸೆಟ್ಟಿಂಗ್ ತೆಗೆದು ನೋಡಿದರೆ ಅಮೆರಿಕದ ಟೋನ್! ಅಲ್ಲಿ ಬ್ಯುಸಿ ಅಂದರೆ 480 ಮತ್ತು 620 ಹರ್ಟ್ಸ್ ಸೇರಿದ ಸದ್ದು, ಅರ್ಧ ಸೆಕೆಂಡ್ ಇದ್ದು ಅರ್ಧ ಸೆಕೆಂಡ್ ಇಲ್ಲ. ನಮ್ಮಲ್ಲಿ 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಇದ್ದು ಮುಕ್ಕಾಲು ಸೆಕೆಂಡ್ ಇಲ್ಲ. ಪಾಪ, ಮೆಷಿನ್ನಿಗೆ ಫೋನ್ ಇಟ್ಟದ್ದೇ ಗೊತ್ತಾಗುತ್ತಿರಲಿಲ್ಲ. ಹಾಕಿದವರು ಪೆಟ್ಟಿಗೆಯಿಂದ ಬಂದ ಹಾಗೇ ಬಿಟ್ಟಿದ್ದರು. ಹಾಕಿದವರಲ್ಲಿ ನಾನೂ ಒಬ್ಬ, ಅದನ್ನು ಧಣಿಗೆ ಆಗ ಹೇಳಲಿಲ್ಲ.

ವಾಚ್ ಹಿಡಿದು ಎರಡು ನಿಮಿಷವನ್ನು ಬಿಡಿಸಿದೆ. ಆರ್ಡರ್ ಹೇಳಲು 45 ಸೆಕೆಂಡ್. ಟೂಂ ಟೂಂ 35 ಸೆಕೆಂಡ್. ಉಳಿದ 40 ಸೆಕೆಂಡ್ ಸ್ವಾಗತ! ಹಿಂದಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ನಡುವೆ ಕೊಲ್ಲೂರು ಮೂಕಾಂಬಿಕೆಗೆ ನಮಸ್ಕಾರ. ಟೋನ್ ಸರಿ ಮಾಡಿದೆ. ಸ್ವಾಗತವನ್ನು "ಹೋಟೆಲ್ ಹೆಸರು ಹೇಳಿ, ಸಾಮಾನು ಹೇಳಿ" ಅಂತ 10 ಸೆಕೆಂಡಿಗೆ ಇಳಿಸಿದೆ. ದೇವಿಯ ಹೆಸರು ತೆಗೆಯಲು ಧಣಿ ಒಪ್ಪಲಿಲ್ಲ, ಅದು ಉಳಿಯಿತು. ಕಾಲ್ ಒಂದು ನಿಮಿಷಕ್ಕೆ ಬಂತು, ಹೊರೆ 2 ಎರ್ಲಾಂಗಿಗೆ. ಈಗ 6 ಲೈನ್ ಇದ್ದರೆ ನೂರರಲ್ಲಿ ಒಂದೇ ಕಾಲಿಗೆ ಬ್ಯುಸಿ.

ಸೂತ್ರ ಹೇಳದ ಒಂದು ವಿಷಯ ಇದೆ. ಕಾಲ್‌ಗಳು ಹೇಗೆಂದರೆ ಹಾಗೆ ಚೆದುರಿ ಬರುತ್ತವೆ ಅಂತ ಅದು ನಂಬುತ್ತದೆ. ಶಟರ್ ಹಾಗಲ್ಲ, ಎಲ್ಲ ಹೋಟೆಲಿನದೂ ಹೆಚ್ಚುಕಡಿಮೆ ಒಟ್ಟಿಗೇ ಬೀಳುತ್ತದೆ. 11ರಿಂದ 11.15ರೊಳಗೇ 45 ಕಾಲ್ ಬರುತ್ತಿದ್ದವು. ಆ ಕಾಲು ಗಂಟೆಯಲ್ಲಿ ಹೊರೆ 3 ಎರ್ಲಾಂಗ್, ಆರು ಲೈನಿದ್ದರೂ ನೂರರಲ್ಲಿ ಐದಕ್ಕೆ ಬ್ಯುಸಿ. ಧಣಿಗೆ ಎರಡೂ ಲೆಕ್ಕ ಹೇಳಿದೆ. "ಐದು ಜನ ತಾನೇ, ಇನ್ನೊಮ್ಮೆ ಮಾಡ್ತಾರೆ" ಅಂದರು. ಎರಡು ಲೈನ್ ಹೆಚ್ಚಿಸಿದೆವು. ಪೋರ್ಟ್ ಮಾತ್ರ 8 ಮಾಡಿದೆ. ಹುಡುಗರು ಒಳಗಿಂದ ಮೆಸೇಜ್ ಕೇಳುವುದಕ್ಕೂ ಒಂದೊಂದು ಪೋರ್ಟ್ ಹೋಗುತ್ತದೆ, ಅದನ್ನು ಮರೆತರೆ ಲೈನ್ ಖಾಲಿ ಇದ್ದೂ ಯಾರೂ ಎತ್ತದೆ ರಿಂಗ್ ಆಗುತ್ತಲೇ ಇರುತ್ತದೆ.

ವಾರ ಬಿಟ್ಟು ರೆಕಾರ್ಡ್ ತೆಗೆದರೆ ರಾತ್ರಿ 11ಕ್ಕೆ ಸರಿಯಾಗಿ ಒಂದು ಕಾಲ್, ಪೂರಾ 15 ನಿಮಿಷ. ದಿನಾ ಅದೇ ನಂಬರ್. ನೆರೂಳಿನ ಮನೆಯಿಂದ ಧಣಿಯೇ! ಇವತ್ತು ಎಷ್ಟು ಆರ್ಡರ್ ಬಂತು ಅಂತ ಕೂತು ಕೇಳುತ್ತಿದ್ದರು. ಎರಡು ಸಲ ಹೇಳಿ ನೋಡಿದೆ. ಕೊನೆಗೆ 12 ಗಂಟೆವರೆಗೆ ಹೊರಗಿನಿಂದ ಮೆಸೇಜ್ ಕೇಳದ ಹಾಗೆ ಬಂದ್ ಮಾಡಿದೆ. ಅವರ ಎದುರೇ ಮಾಡಿದ್ದು, ಒಂದು ಚಾ ಕುಡಿಸಿದರು.