ಇಂಗ್ಲಿಷಿನಲ್ಲಿ ‘ಇಲ್ಲ’ ಅನ್ನುವುದು ಹೇಗೆ?

ಹೋದ ವರ್ಷದ ಮಳೆಗಾಲ. ಆಗುಂಬೆ ಹತ್ತಿರ ನನ್ನ ಅಕ್ಕನ ಮಗಳು ಹೋಂಸ್ಟೇ ನಡೆಸುತ್ತಾಳೆ. ಇಂಗ್ಲೆಂಡಿನಿಂದ ಬಂದಿದ್ದ ಗಂಡ ಹೆಂಡತಿ ಫೋನ್ ಮಾಡಿ, ‘ಯೂ ಡೋಂಟ್ ಹ್ಯಾವ್ ಎ ರೂಮ್ ಫಾರ್ ಸ್ಯಾಟರ್ಡೇ?’ ಎಂದು ಕೇಳಿದರು. ರೂಮು ಖಾಲಿ ಇರಲಿಲ್ಲ. ಇವಳು ‘ಯೆಸ್, ಯೆಸ್’ ಅಂದಳು. ಹೌದು, ಇಲ್ಲ ಅಂತ ಇವಳ ಅರ್ಥ. ಹೌದು, ಇದೆ ಅಂತ ಅವರ ಅರ್ಥ. ಶನಿವಾರ ಸಂಜೆ ಜಡಿಮಳೆಯಲ್ಲಿ ನೆನೆದುಕೊಂಡು, ಬ್ಯಾಗು ಹೊತ್ತು ಅಂಗಳದಲ್ಲಿ ನಿಂತಿದ್ದರು. ತನ್ನ ಕೋಣೆ ಬಿಟ್ಟುಕೊಟ್ಟು ಇವಳು ಅಡುಗೆಮನೆಯಲ್ಲಿ ಮಲಗಿದಳು. ‘ಚಿಕ್ಕಮ್ಮಾ, ಇಷ್ಟು ವರ್ಷ ಓದಿಯೂ ಇಲ್ಲ ಅನ್ನೋದೇ ಬರಲಿಲ್ವಲ್ಲ’ ಅಂತ ಮಾರನೇ ದಿನ ಅತ್ತುಬಿಟ್ಟಳು.

ನಾನು ತೀರ್ಥಹಳ್ಳಿಯಲ್ಲಿ ಮನೆಯ ಜಗಲಿಯಲ್ಲೇ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯೆಸ್, ನೋ. ‘ಊಟ ಆಗಿಲ್ವಾ?’ ಅಂದರೆ ನಾವು ‘ಹೂಂ, ಆಗಿಲ್ಲ’ ಅನ್ನುತ್ತೇವೆ. ಕೇಳಿದವರ ಮಾತಿಗೆ ನಾವು ಹೂಂಗುಡುತ್ತೇವೆ. ಇಂಗ್ಲಿಷಿನವರು ಹಾಗಲ್ಲ. ಪ್ರಶ್ನೆ ಹೇಗೇ ಇರಲಿ, ಊಟ ಆಗಿದ್ದರೆ ಯೆಸ್, ಆಗಿಲ್ಲದಿದ್ದರೆ ನೋ. ಬರೀ ಯೆಸ್ ಅಂತ ನಿಲ್ಲಿಸಲೇಬೇಡಿ. ಬಾಲ ಸೇರಿಸಿ: ‘ನೋ, ಐ ಹ್ಯಾವಂಟ್.’ ‘ನೋ, ವಿ ಡೋಂಟ್.’ ನಾಲಿಗೆ ತಪ್ಪಿದರೂ ಬಾಲ ಕಾಪಾಡುತ್ತದೆ.

ಆಮೇಲೆ ಕಿವಿ. ನಮ್ಮಲ್ಲಿ ‘ಇಲ್ಲ’ ಬರುವುದು ಮಾತಿನ ಕೊನೆಯಲ್ಲಿ, ನಿಚ್ಚಳವಾಗಿ. ಅವರಲ್ಲಿ ಮೊದಲೇ ಬಂದು ಹೋಗಿರುತ್ತದೆ. ಕ್ಯಾನ್ ಮತ್ತು ಕ್ಯಾಂಟ್ ಅಂತೂ ತುಂಬಾ ಕಷ್ಟ. ಅಮೆರಿಕದವರು ಕೊನೆಯ ಟಕಾರವನ್ನು ಎಷ್ಟೋ ಸಲ ನುಂಗಿಬಿಡುತ್ತಾರೆ. ಅದಕ್ಕೇ ಟಕಾರ ಹುಡುಕಬೇಡಿ, ಒತ್ತು ಎಲ್ಲಿದೆ ನೋಡಿ. ‘ಐ ಕ್ಯನ್ ಕಮ್’ ಎನ್ನುವಾಗ ಕ್ಯಾನ್ ಸಣ್ಣದಾಗಿ ಓಡುತ್ತದೆ, ಒತ್ತು ಕಮ್ ಮೇಲೆ. ಬರಲಾಗಲ್ಲ ಅನ್ನುವಾಗ ಕ್ಯಾಂಟ್ ಮೇಲೂ ಒತ್ತು ಬೀಳುತ್ತದೆ. ಲಂಡನ್ ಕಡೆಯವರಾದರೆ ‘ಕಾಂಟ್’ ಅಂತ ಎಳೆಯುತ್ತಾರೆ, ಅದು ಸುಲಭ.

ಮಕ್ಕಳು ‘ನನಗೆ ಗೊತ್ತಿಲ್ಲ’ ಎನ್ನಲು ‘ಐ ನಾಟ್ ನೋ’ ಎಂದು ಬರೆದಾಗ ನಾನು ಬೈಯುವುದಿಲ್ಲ, ಕಥೆ ಹೇಳುತ್ತೇನೆ. ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಮೊದಲು ‘ನೆ’ ಇಟ್ಟರೆ ಸಾಕಿತ್ತು. ನೆ ತೀರಾ ಸಣ್ಣ ಸದ್ದು, ಅಲ್ವಾ? ಅದಕ್ಕೆ ಬಲ ಕೊಡಲು ‘ಏನೂ ಇಲ್ಲ’ ಎಂಬ ಅರ್ಥದ ಇನ್ನೊಂದು ಪದವನ್ನು ಕ್ರಿಯಾಪದ ಆದಮೇಲೆ ಸೇರಿಸಿದರು. ಅದೇ ಸವೆದು ನಾಟ್ ಆಯಿತು. ಕೊನೆಗೆ ನೆ ಬಿದ್ದುಹೋಯಿತು, ಆಸರೆಗೆ ಬಂದ ನಾಟ್ ಉಳಿಯಿತು. ಶೇಕ್ಸ್‌ಪಿಯರ್ ಕಾಲಕ್ಕೆ ‘ಐ ನೋ ನಾಟ್’ ಕೂಡ ಇತ್ತು, ‘ಐ ಡೂ ನಾಟ್ ನೋ’ ಕೂಡ ಇತ್ತು. ಈಗ ಉಳಿದದ್ದು ಎರಡನೆಯದು. ಹಳೇ ನಿಷೇಧ ಪದ ಸವೆದು ಹೊಸದು ಬರುವ ಈ ಚಕ್ರವನ್ನು ಡೆನ್ಮಾರ್ಕಿನ ಭಾಷಾವಿಜ್ಞಾನಿ ಓಟೋ ಯೆಸ್ಪರ್ಸನ್ 1917ರಲ್ಲಿ ವಿವರಿಸಿದರು. ಕನ್ನಡವೂ ಬದಲಾಗಿದೆ. ‘ಅರಿಯೆ’ ಎಂಬ ಒಂದೇ ಪದ ಸಾಕಾಗಿದ್ದ ಕಡೆ ಈಗ ‘ಗೊತ್ತಿಲ್ಲ’ ಅನ್ನುತ್ತೇವೆ. ‘ಒಲ್ಲೆ’ ಮಾತ್ರ ಉತ್ತರ ಕರ್ನಾಟಕದಲ್ಲಿ ಇನ್ನೂ ಜೀವಂತ. ಕಥೆ ಕೇಳಿದ ಮೇಲೆ ಮಕ್ಕಳು ಡೂ ಮರೆಯುವುದು ಕಡಿಮೆ.

‘ಯಾರೂ ಬರಲಿಲ್ಲ’ ಎನ್ನುವುದನ್ನು ‘ಎನಿಬಡಿ ಡಿಡಂಟ್ ಕಮ್’ ಮಾಡಬೇಡಿ. ‘ನೋಬಡಿ ಕೇಮ್.’ ಇಲ್ಲ ಎನ್ನುವುದು ನೋಬಡಿಯಲ್ಲೇ ಇದೆ, ಇನ್ನೊಂದು ಬೇಡ.

ಹಾಗಾದರೆ ಸಿನಿಮಾದಲ್ಲಿ ‘ಐ ಡೋಂಟ್ ನೋ ನಥಿಂಗ್’ ಅನ್ನುತ್ತಾರಲ್ಲ, ಎಂದು ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. 14ನೇ ಶತಮಾನದ ಕವಿ ಚಾಸರ್ ಒಂದೇ ವಾಕ್ಯದಲ್ಲಿ ನಾಲ್ಕು ನಿಷೇಧ ಪದ ಪೇರಿಸಿದ್ದಾನೆ, ಅರ್ಥ ಒಂದೇ ‘ಇಲ್ಲ’. ಎರಡು ಇಲ್ಲ ಸೇರಿದರೆ ಹೌದು ಎಂದು 18ನೇ ಶತಮಾನದ ವ್ಯಾಕರಣದವರು ಲೆಕ್ಕ ಹಾಕಿದರು, ಶಾಲೆಗಳು ಅದನ್ನೇ ಹಿಡಿದವು. ಆದರೆ ಲಂಡನ್ನಿನ ದುಡಿಯುವ ಜನ, ಅಮೆರಿಕದ ಕಪ್ಪು ಜನರು, ಅಲ್ಲಿನ ದಕ್ಷಿಣದ ರಾಜ್ಯಗಳವರು ಎಷ್ಟೋ ಮಂದಿ ಹಳೇ ರೂಢಿಯಲ್ಲೇ ಮಾತಾಡುತ್ತಾರೆ. ಅವರಿಗೆ ಇಂಗ್ಲಿಷ್ ಬರಲ್ಲ ಅಂತ ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ. ಈಸಂಟ್, ಹ್ಯಾವಂಟ್ ಬದಲು ಅವರು ಬಳಸುವ ‘ಏಂಟ್’ ಕೂಡ ಹಾಗೇ. ಸ್ಕಾಟ್ಲೆಂಡಿನವರು ಕ್ಯಾಂಟ್ ಬದಲು ‘ಕ್ಯಾನೆ’ ಅನ್ನುತ್ತಾರೆ. ಇವನ್ನೆಲ್ಲ ಕೇಳಿದಾಗ ಅರ್ಥ ಮಾಡಿಕೊಳ್ಳಿ. ಪರೀಕ್ಷೆಯಲ್ಲಿ, ಕೆಲಸದ ಅರ್ಜಿಯಲ್ಲಿ ಮಾತ್ರ ಒಂದೇ ‘ಇಲ್ಲ’ ಬರೆಯಿರಿ.

ಇನ್ನೊಂದು: ‘ಮಸ್ಟ್ ನಾಟ್’ ಅಂದರೆ ಕೂಡದು. ‘ಡೋಂಟ್ ಹ್ಯಾವ್ ಟು’ ಅಂದರೆ ಬೇಕಾಗಿಲ್ಲ. ಕಷಾಯಕ್ಕೆ ದುಡ್ಡು ಬೇಡ ಎನ್ನಲು ನನ್ನ ಮಗಳು ಅತಿಥಿಗಳಿಗೆ ‘ಯೂ ಮಸ್ಟ್ ನಾಟ್ ಪೇ’ ಅಂದಿದ್ದಳು. ಅವರು ಗಾಬರಿಯಿಂದ ಪರ್ಸು ಒಳಗಿಟ್ಟರಂತೆ.

ಅಭ್ಯಾಸಕ್ಕೆ ಇಬ್ಬರು ಬೇಕು. ದಿನಾ ಸಂಜೆ ಐದು ನಿಮಿಷ ಒಬ್ಬರು ಡೋಂಟ್, ಡಿಡಂಟ್ ಹಾಕಿಯೇ ಪ್ರಶ್ನೆ ಕೇಳಿ. ‘ಯೂ ಡಿಡಂಟ್ ಗೋ ಟು ಶಿವಮೊಗ್ಗ?’ ಇನ್ನೊಬ್ಬರು ತಲೆ ಆಡಿಸದೆ, ಬಾಲ ಸೇರಿಸಿ ಉತ್ತರ ಹೇಳಲಿ. ಹೋಂಸ್ಟೇಯ ಫೋನಿನ ಪಕ್ಕದ ಗೋಡೆಯಲ್ಲಿ ಈಗ ಒಂದು ಚೀಟಿ ಇದೆ: ‘ನೋ, ವಿ ಡೋಂಟ್. ಸಾರಿ, ವಿ ಆರ್ ಫುಲ್.’